ಅನ್ನ ಬಿಟ್ಟರು, ಮಾತ್ರೆ ಹಾಗೇ ಉಳಿಯಿತು

ಪ್ರಶ್ನೆ: ನಮ್ಮನೆಯವರಿಗೆ ಈಗ 54. ಹೈಸ್ಕೂಲ್ ಮೇಷ್ಟ್ರು. ಸಕ್ಕರೆ ಕಾಯಿಲೆ ಬಂದು ಆರು ವರ್ಷ ಆಯ್ತು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ಸೇರಿರುವ ಮಾತ್ರೆ, ಬೆಳಗ್ಗೆ ಒಂದು, ರಾತ್ರಿ ಒಂದು. ಬಿಪಿಗೂ ಒಂದು ಮಾತ್ರೆ ಇದೆ. ದೀಪಾವಳಿ ಕಳೆದ ಮೇಲೆ ಯಾವುದೋ ವಿಡಿಯೊ ನೋಡಿ ಅನ್ನ, ಚಪಾತಿ, ಇಡ್ಲಿ, ದೋಸೆ ಎಲ್ಲ ಬಿಟ್ಟುಬಿಟ್ಟರು. ರಾಗಿ ಶುಗರ್‌ಗೆ ಒಳ್ಳೇದು ಅಂತ ಬೆಳಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಒಂದು ಮುದ್ದೆ. ರಾತ್ರಿಗೆ ಎರಡು ಮೊಟ್ಟೆ, ಪಲ್ಯ, ಅಷ್ಟೇ. ಸಂಜೆ ಒಂದು ಗಂಟೆ ಬಿರುಸಾಗಿ ನಡೀತಾರೆ. ಆರು ಕೆಜಿ ಇಳಿದಿದ್ದಾರೆ. ಆದರೂ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ 160, 170. ‘ಇನ್ನೂ ಜಾಸ್ತಿ ತಿಂತಿದ್ದೀನಿ’ ಅಂತ ಈಗ ಮಧ್ಯಾಹ್ನದ ಮುದ್ದೆಯನ್ನೂ ಕೆಲವು ದಿನ ಬಿಡ್ತಾರೆ. ಹೋದ ವಾರ ಹಾಗೆ ಬಿಟ್ಟ ದಿನ ವಾಕಿಂಗ್ ಮುಗಿಸಿ ಬಂದವರು ಜಗಲಿ ಮೇಲೆ ಕುಸಿದು ಕೂತರು. ಮೈಯೆಲ್ಲ ಬೆವರು, ಕೈ ನಡುಕ. ಏನಾಯ್ತು ಅಂದರೆ ನನ್ನನ್ನೇ ಗದರಿದರು. ಬೆಲ್ಲದ ಕಾಫಿ ಕೊಟ್ಟೆ, ಸ್ವಲ್ಪ ಹೊತ್ತಿಗೆ ಸರಿಹೋದರು. ಡಾಕ್ಟರಿಗೆ ಹೇಳಬೇಡ ಅಂದಿದ್ದಾರೆ, ಹೇಳಿದರೆ ಮತ್ತೆ ಅನ್ನ ತಿನ್ನು ಅಂತಾರಂತೆ. ಇನ್ನೊಂದು ವಿಷಯ, ಶ್ರವಣಬೆಳಗೊಳದ ಬೆಟ್ಟ ಹತ್ತಿದ ದಿನ ಮೇಲೆ ಹೋಗಿ ಮೀಟರ್‌ನಲ್ಲಿ ನೋಡಿಕೊಂಡರೆ ಹತ್ತುವ ಮುಂಚಿಗಿಂತ 40 ಜಾಸ್ತಿ ಇತ್ತಂತೆ. ವ್ಯಾಯಾಮದಿಂದಲೂ ಶುಗರ್ ಏರುತ್ತಾ? ಎರಡೆರಡು ಅಡುಗೆ ಮಾಡಿ ನನಗೂ ಸಾಕಾಗಿದೆ. ಬೆಂಗಳೂರಲ್ಲಿರೋ ಮಗನಿಗೆ 27 ವರ್ಷ, ಅವನಿಗೂ ಬರುತ್ತೇನೋ ಅನ್ನೋ ಭಯ ಬೇರೆ.
– ಹೆಸರು ಬೇಡ, ಚನ್ನರಾಯಪಟ್ಟಣ ತಾಲ್ಲೂಕು

ಉತ್ತರ: ಅಮ್ಮಾ, ನೀವು ಬರೆದ ಕ್ರಮದಲ್ಲಿ ಉತ್ತರಿಸುವುದಿಲ್ಲ. ನಿಮಗೆ 160 ದೊಡ್ಡ ಚಿಂತೆ, ನನಗೆ ಜಗಲಿಯ ಮೇಲೆ ಕುಸಿದದ್ದು. ಮೊದಲು ಅದನ್ನು ಮುಗಿಸೋಣ.

ಅವತ್ತು ಮೇಷ್ಟ್ರಿಗೆ ಆದದ್ದನ್ನು ನೋಡಿದರೆ ಶುಗರ್ ಕೆಳಗೆ ಹೋಗಿತ್ತು ಎನ್ನುವುದರಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ. ಬೆವರು, ನಡುಕ, ಎದೆ ಬಡಿತ, ಕಾರಣವಿಲ್ಲದ ಸಿಟ್ಟು ಎಲ್ಲವೂ ಅದರದೇ ಲಕ್ಷಣಗಳು. ಮಿದುಳಿಗೆ ಸಕ್ಕರೆ ಸಾಲದಾದಾಗ ಮನುಷ್ಯ ತನ್ನ ಸ್ವಭಾವದಲ್ಲಿ ಇರುವುದಿಲ್ಲ. ಅವರು ಗದರಿದ್ದನ್ನು ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಇನ್ನೊಮ್ಮೆ ಹಾಗೆ ಸುಮ್ಮಸುಮ್ಮನೆ ಸಿಡುಕಿದರೆ ಜಗಳಕ್ಕೆ ಮುಂಚೆ ಮೀಟರ್ ತನ್ನಿ. ರಕ್ತದಲ್ಲಿ 70 ಮಿಲಿಗ್ರಾಂಗಿಂತ ಕೆಳಗಿದ್ದರೆ ಅದು ಲೋ ಶುಗರ್. 54ಕ್ಕಿಂತ ಕೆಳಗೆ ಹೋದರೆ ತಡಮಾಡುವ ಹಾಗೇ ಇಲ್ಲ.

ಹೀಗಾಗಲು ಕಾರಣ ಅವರ ಮಾತ್ರೆಯಲ್ಲಿರುವ ಗ್ಲಿಮೆಪಿರೈಡ್. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಔಷಧಿ. ನೀವು ಮುದ್ದೆ ಉಂಡಿರಾ, ಬಿಟ್ಟಿರಾ ಎಂದು ಅದು ಕೇಳುವುದಿಲ್ಲ. ಬೆಳಗ್ಗೆ ನುಂಗಿದ್ದು ಸಂಜೆಯವರೆಗೂ, ಅದರಾಚೆಗೂ ಕೆಲಸ ಮಾಡುತ್ತಲೇ ಇರುತ್ತದೆ. ಡಾಕ್ಟರು ಆ ಪ್ರಮಾಣವನ್ನು ಬರೆದಾಗ ಮೇಷ್ಟ್ರು ಇಡ್ಲಿ, ಅನ್ನ, ಚಪಾತಿ ಎಲ್ಲ ತಿನ್ನುತ್ತಿದ್ದರು, ಆರು ಕೆಜಿ ಹೆಚ್ಚು ತೂಗುತ್ತಿದ್ದರು, ಬಹುಶಃ ಇಷ್ಟು ನಡೆಯುತ್ತಲೂ ಇರಲಿಲ್ಲ. ಈಗ ಊಟ ಕಡಿಮೆಯಾಗಿದೆ, ತೂಕ ಇಳಿದಿದೆ, ನಡಿಗೆ ಹೆಚ್ಚಿದೆ, ಮಾತ್ರೆ ಮಾತ್ರ ಹಳೆಯದೇ. ಪಿಷ್ಟ ಕಡಿಮೆ ಮಾಡುವುದನ್ನು ಪಥ್ಯ ಎಂದುಕೊಳ್ಳುತ್ತೇವೆ. ನನ್ನ ಕೇಳಿದರೆ ಅದೂ ಒಂದು ಔಷಧಿಯೇ, ಅದರಲ್ಲೂ ಜೋರಾದ ಔಷಧಿ. ಒಂದು ಹೊಸ ಔಷಧಿ ಶುರು ಮಾಡಿ ಹಳೆಯದರ ಲೆಕ್ಕ ನೋಡದೇ ಇದ್ದರೆ ಏನಾಗಬೇಕೋ ಅದೇ ಜಗಲಿಯ ಮೇಲೆ ಆಗಿದೆ.

ಹಾಗಾಗಿ ಈ ವಾರದೊಳಗೆ ಡಾಕ್ಟರನ್ನು ನೋಡಿ, ಸಾಧ್ಯವಾದರೆ ಇವತ್ತೇ ಫೋನ್ ಮಾಡಿ. ಪಿಷ್ಟವನ್ನು ಇಷ್ಟು ಇಳಿಸಿದವರಿಗೆ ಗ್ಲಿಮೆಪಿರೈಡನ್ನು ಅರ್ಧಕ್ಕೆ ಇಳಿಸುವುದು ಅಥವಾ ತೆಗೆದೇಬಿಡುವುದು ವಾಡಿಕೆ. ಎಷ್ಟು ಎನ್ನುವುದನ್ನು ಅವರ ರಿಪೋರ್ಟ್ ನೋಡಿದವರೇ ಹೇಳಬೇಕು. ಇಲ್ಲೊಂದು ತೊಡಕಿದೆ. ನಿಮ್ಮ ಮಾತ್ರೆಯಲ್ಲಿ ಎರಡು ಔಷಧಿ ಒಟ್ಟಿಗಿವೆ. ಸ್ಟ್ರಿಪ್ಪಿನ ಹಿಂದೆ ನೋಡಿ, ಗ್ಲಿಮೆಪಿರೈಡ್ 1 ಅಥವಾ 2 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಎಂದೋ ಏನೋ ಇರುತ್ತದೆ. ಮಾತ್ರೆಯನ್ನು ಮುರಿದು ಅರ್ಧ ನುಂಗಿದರೆ ಎರಡೂ ಅರ್ಧವಾಗುತ್ತವೆ. ಅದು ಬೇಡ. ಹೆಸರಿನ ಪಕ್ಕ ‘ಎಸ್‌ಆರ್’ ಎಂದಿದ್ದರಂತೂ ಮುರಿಯಲೇಬಾರದು, ನಿಧಾನವಾಗಿ ಕರಗಬೇಕಾದದ್ದು ಒಮ್ಮೆಲೇ ಕರಗಿಬಿಡುತ್ತದೆ. ಎರಡನ್ನೂ ಬೇರೆ ಬೇರೆ ಮಾತ್ರೆಯಾಗಿ ಬರೆದುಕೊಡಿ ಎಂದು ನೀವೇ ಕೇಳಬಹುದು. ಮೆಟ್‌ಫಾರ್ಮಿನ್ ಒಂದರಿಂದಲೇ ಶುಗರ್ ಹೀಗೆ ಬಿದ್ದುಹೋಗುವುದು ಅಪರೂಪ. ಅದನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ, ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಡಾಕ್ಟರನ್ನು ಕಾಣುವ ತನಕ ಮಾತ್ರೆ ತೆಗೆದುಕೊಂಡ ದಿನ ಮಧ್ಯಾಹ್ನದ ಊಟ ತಪ್ಪಿಸುವ ಹಾಗಿಲ್ಲ. ಸಂಜೆ ಹೊರಡುವ ಮುಂಚೆ ಬೆರಳು ಚುಚ್ಚಿ ನೋಡಿಕೊಳ್ಳಲಿ. 90ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು, ಸ್ವಲ್ಪ ಹೊತ್ತು ಬಿಟ್ಟು ಹೊರಡಲಿ. ಬೈಕ್ ಹತ್ತುವುದಕ್ಕೂ ಇದೇ ಮಾತು. ಜೇಬಿನಲ್ಲಿ ಒಂದು ಪೊಟ್ಟಣ ಸಕ್ಕರೆಯೋ ಗ್ಲುಕೋಸ್ ಪುಡಿಯೋ ಸದಾ ಇರಲಿ. ನಡುಕ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟಿಲ್ಲವೆಂದರೆ ಇನ್ನೊಮ್ಮೆ ಅಷ್ಟೇ. ನಿಮ್ಮ ಬೆಲ್ಲದ ಕಾಫಿ ಕೆಲಸ ಮಾಡಿತು, ಒಳ್ಳೆಯದಾಯಿತು. ಆದರೆ ಹಾಲಿನ ಕೊಬ್ಬು, ಚಾಕೊಲೇಟಿನ ಕೊಬ್ಬು, ಚಿಕ್ಕಿಯ ಕಡಲೆಕಾಯಿ ಇವೆಲ್ಲ ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತವೆ. ಆ ಗಳಿಗೆಗೆ ಬರೀ ಸಕ್ಕರೆ ನೀರೇ ಸರಿ. ಚೇತರಿಸಿಕೊಂಡ ಮೇಲೆ ಒಂದು ತುತ್ತು ಊಟ ಮಾಡಿಸಿ, ಏಕೆಂದರೆ ಈ ಮಾತ್ರೆಯ ಪ್ರಭಾವ ಇನ್ನೂ ಒಳಗೇ ಇರುತ್ತದೆ, ಕೆಲವು ಗಂಟೆ ಬಿಟ್ಟು ಮತ್ತೆ ಬೀಳಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. 108ಕ್ಕೆ ಫೋನ್ ಮಾಡಿ. ಬಿಪಿ ಮಾತ್ರೆಯ ಹೆಸರನ್ನೂ ನೋಡಿ. ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯದಾದರೆ ನಡುಕ, ಎದೆಬಡಿತಗಳನ್ನು ಅದು ಮುಚ್ಚಿಹಾಕುತ್ತದೆ, ಬೆವರು ಮಾತ್ರ ಗುರುತಾಗಿ ಉಳಿಯುತ್ತದೆ. ಪಿಷ್ಟ ಇಳಿದಾಗ ದೇಹ ಉಪ್ಪು, ನೀರನ್ನೂ ಹೆಚ್ಚಾಗಿ ಹೊರಹಾಕುವುದರಿಂದ ಬಿಪಿಯೂ ಇಳಿಯುವುದುಂಟು. ಕೂತವರು ಎದ್ದಾಗ ಕಣ್ಣು ಕತ್ತಲೆ ಬರುತ್ತಿದ್ದರೆ ಅದನ್ನೂ ಡಾಕ್ಟರ ಕಿವಿಗೆ ಹಾಕಿ.

ಈಗ ಬೆಳಗಿನ 160ರ ವಿಷಯ. ರಾತ್ರಿ ಮೊಟ್ಟೆ, ಪಲ್ಯ ತಿಂದು ಮಲಗಿದವರ ರಕ್ತಕ್ಕೆ ಬೆಳಗ್ಗೆ ಅಷ್ಟು ಸಕ್ಕರೆ ಎಲ್ಲಿಂದ ಬಂತು? ಮೇಷ್ಟ್ರು ತಟ್ಟೆಯ ಕಡೆ ಬೆರಳು ತೋರಿಸುತ್ತಿದ್ದಾರೆ. ಬಂದದ್ದು ಲಿವರ್‌ನಿಂದ. ಲಿವರ್ ನಮ್ಮ ಮೈಯೊಳಗಿನ ಕಣಜ. ಉಂಡಾಗ ತುಂಬಿಕೊಂಡು, ಉಪವಾಸದ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ, ಸಾಲದಿದ್ದರೆ ಪ್ರೋಟೀನ್‌ನಿಂದ ಹೊಸದಾಗಿ ತಯಾರಿಸಿಯೂ ಕೊಡುತ್ತದೆ. ಬೆಳಗಿನ ಜಾವ ಮೂರು ನಾಲ್ಕು ಗಂಟೆಯಿಂದ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಇವೆಲ್ಲ ಏರಿ, ‘ಏಳುವ ಹೊತ್ತಾಯಿತು, ಸಕ್ಕರೆ ಬಿಡು’ ಎಂದು ಲಿವರ್‌ಗೆ ಹೇಳುತ್ತವೆ. ಎಲ್ಲರಲ್ಲೂ ಹೀಗೇ. ಆರೋಗ್ಯವಂತರಲ್ಲಿ ಇನ್ಸುಲಿನ್ ‘ಇಷ್ಟು ಸಾಕು’ ಎಂದು ತಡೆಯುತ್ತದೆ. ಟೈಪ್ 2 ಮಧುಮೇಹದಲ್ಲಿ ಲಿವರ್ ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಇದಕ್ಕೆ ಲಗಾಮು ಹಾಕುವುದೇ ಮೆಟ್‌ಫಾರ್ಮಿನ್‌ನ ಮುಖ್ಯ ಕೆಲಸ. ಅದನ್ನು ನಿಲ್ಲಿಸಬೇಡಿ ಎಂದದ್ದು ಅದಕ್ಕೇ.

ಇನ್ನೊಂದು ಸಂಗತಿಯೂ ಇದೆ. ಪಿಷ್ಟ ತೀರಾ ಕಡಿಮೆಯಾದಾಗ ಸ್ನಾಯುಗಳು ಕೊಬ್ಬನ್ನು ಉರಿಸುವ ರೂಢಿಗೆ ಬೀಳುತ್ತವೆ, ಸಕ್ಕರೆಯನ್ನು ಮಿದುಳಿಗೆ ಬಿಟ್ಟುಕೊಡುತ್ತವೆ. ಹಾಗಾಗಿ ಕೆಲವರಲ್ಲಿ ಊಟದ ನಂತರದ ಸಂಖ್ಯೆಗಳು ಚೆನ್ನಾಗಿ ಇಳಿದರೂ ಫಾಸ್ಟಿಂಗ್ ಕೊನೆಗೆ ಇಳಿಯುತ್ತದೆ. ಬೆಳಗಿನ ಸಂಖ್ಯೆ ನೋಡಿ ಮಧ್ಯಾಹ್ನದ ಮುದ್ದೆ ಬಿಟ್ಟರೆ ಮಧ್ಯಾಹ್ನದ ಸಂಖ್ಯೆ ಇಳಿಯುತ್ತದೆಯೇ ಹೊರತು ಬೆಳಗಿನದ್ದು ಇಳಿಯಬೇಕೆಂದೇನಿಲ್ಲ. ಒಂದೆರಡು ರಾತ್ರಿ ಮೂರು ಗಂಟೆಗೆ ಎಬ್ಬಿಸಿ ಒಮ್ಮೆ ನೋಡಿ. ಆಗ 70ರ ಆಸುಪಾಸು ಇದ್ದರೆ, ಅಥವಾ ನಿದ್ದೆಯಲ್ಲಿ ಬೆವೆತು ಅಂಗಿ ಒದ್ದೆಯಾಗುತ್ತಿದ್ದರೆ, ರಾತ್ರಿಯ ಮಾತ್ರೆ ಹೆಚ್ಚಾಗಿದೆ. ಆಗಲೂ 150 ಇದ್ದರೆ ಔಷಧಿಯನ್ನು ಬೇರೆ ರೀತಿ ಹೊಂದಿಸಬೇಕು. ಇದನ್ನು ಬರೆದಿಟ್ಟುಕೊಂಡು ಹೋದರೆ ಡಾಕ್ಟರಿಗೆ ಅರ್ಧ ಕೆಲಸ ಹಗುರ.

ಚುಚ್ಚುವ ಮುಂಚೆ ಕೈ ತೊಳೆದು ಒರೆಸಿಕೊಳ್ಳುತ್ತಾರೆಯೇ ನೋಡಿ. ಹಣ್ಣು ಹೆಚ್ಚಿದ ಬೆರಳು ಮೀಟರ್‌ಗೆ ಸುಳ್ಳು ಹೇಳುತ್ತದೆ. ಅಂತೂ ಒಂದು ಬೆಳಗಿನ ಸಂಖ್ಯೆಗಿಂತ ಮೂರು ತಿಂಗಳ ಎಚ್‌ಬಿಎ1ಸಿ ಪರೀಕ್ಷೆ ಹೆಚ್ಚು ಹೇಳುತ್ತದೆ. ಶೇ 7 ಎಂದರೆ ಸರಾಸರಿ 154ರ ಹತ್ತಿರ, ಶೇ 8 ಎಂದರೆ 183. ದೀಪಾವಳಿಯ ಹಿಂದಿನದ್ದಕ್ಕೆ ಹೋಲಿಸಿ. ಇಳಿದಿದ್ದರೆ ಅವರ ಶ್ರಮ ಫಲಿಸಿದೆ ಎಂದೇ ಅರ್ಥ, ಬೆಳಗಿನ 160 ಏನೇ ಹೇಳಲಿ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಈ ಪರೀಕ್ಷೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಜೊತೆಗೆ ಹಿಮೊಗ್ಲೋಬಿನ್ ಒಂದು ನೋಡಿಸಿ.

ಇನ್ನು ರಾಗಿ. ಈ ಮಾತು ಹೇಳಿದರೆ ಹಾಸನ, ಮಂಡ್ಯ, ತುಮಕೂರಿನವರು ನನ್ನ ಮೇಲೆ ಬರುತ್ತಾರೆ, ಆದರೂ ಹೇಳಬೇಕು. ಪಿಷ್ಟದ ಲೆಕ್ಕದಲ್ಲಿ ರಾಗಿ ಅಂಥಾ ಬೇರೆಯೇನಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ ಇದ್ದರೆ ರಾಗಿ ಹಿಟ್ಟಿನಲ್ಲಿ 67ರಷ್ಟು, ಗೋಧಿ ಹಿಟ್ಟಿನಲ್ಲಿ 64ರಷ್ಟು. ರಾಗಿಯ ಹಿರಿಮೆ ನಾರಿನಲ್ಲಿದೆ, ಸುಣ್ಣದಲ್ಲಿದೆ. 100 ಗ್ರಾಂನಲ್ಲಿ 11 ಗ್ರಾಂ ನಾರು, 350 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ. ಅದಕ್ಕೆ ಕೈ ಮುಗಿಯೋಣ. ಆದರೆ ಮುದ್ದೆಯನ್ನು ಯಾರೂ ಅಳೆದು ಉಣ್ಣುವುದಿಲ್ಲ. ನಾಳೆ ಹಿಟ್ಟನ್ನು ಎಸರಿಗೆ ಹಾಕುವ ಮುಂಚೆ ಒಮ್ಮೆ ತಕ್ಕಡಿಗೆ ಹಾಕಿ ನೋಡಿ. ತಟ್ಟೆಯ ನಡುವೆ ಕೂರುವ ನಮ್ಮ ಕಡೆಯ ಒಂದು ದೊಡ್ಡ ಮುದ್ದೆಗೆ 100 ಗ್ರಾಂ ಹಿಟ್ಟು ಸಲೀಸಾಗಿ ಹೋಗುತ್ತದೆ. ಒಂದು ಚಪಾತಿಗೆ 30 ಗ್ರಾಂ ಹಿಟ್ಟು ಎಂದಿಟ್ಟುಕೊಂಡರೆ, ಚಪಾತಿ ಬಿಟ್ಟೆ ಎಂದು ಹೇಳುವ ಮೇಷ್ಟ್ರು ಮಧ್ಯಾಹ್ನ ಮೂರಕ್ಕೂ ಹೆಚ್ಚು ಚಪಾತಿಯಷ್ಟು ಪಿಷ್ಟ ಉಣ್ಣುತ್ತಿದ್ದಾರೆ. ಅಂಬಲಿ ನೀರಾಗಿರುವುದರಿಂದ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲದೆ ಬೇಗ ರಕ್ತ ಸೇರುತ್ತದೆ. ತಿಂಡಿಗೆ ಅಂಬಲಿಯೊಂದೇ ಆದರೆ ಅದು ನನಗೆ ಇಷ್ಟವಿಲ್ಲ.

ಈಗ ಅವರ ದಿನಗಳನ್ನು ಕೂಡಿಸಿ. ಮುದ್ದೆ ಉಂಡ ದಿನ ಅಂಬಲಿ, ಹಾಲು, ತರಕಾರಿ ಎಲ್ಲ ಸೇರಿ 110 ಗ್ರಾಂ ಆಸುಪಾಸು ಪಿಷ್ಟ, ಮುದ್ದೆ ಬಿಟ್ಟ ದಿನ 40, 45. ಒಂದು ದಿನಕ್ಕೂ ಇನ್ನೊಂದಕ್ಕೂ ಅರ್ಧಕ್ಕಿಂತ ಹೆಚ್ಚು ವ್ಯತ್ಯಾಸ, ಮಾತ್ರೆ ಮಾತ್ರ ಎರಡೂ ದಿನ ಒಂದೇ. ಕಡಿಮೆ ತಿನ್ನುವುದರಲ್ಲಿ ದೋಷವಿಲ್ಲ, ಹೀಗೆ ಏರುಪೇರಾಗಿ ತಿನ್ನುವುದರಲ್ಲಿದೆ.

ಕಡಿಮೆ ಪಿಷ್ಟದ ಊಟಕ್ಕೆ ನಾನು ವಿರೋಧಿಯಲ್ಲ, ಇದನ್ನು ಮೇಷ್ಟ್ರಿಗೆ ಓದಿ ಹೇಳಿ. ಇನ್ಸುಲಿನ್ ಬರುವ ಮುಂಚೆ, ಅಂದರೆ 1922ಕ್ಕೂ ಹಿಂದೆ, ವೈದ್ಯರ ಕೈಯಲ್ಲಿದ್ದದ್ದು ಬಹುಮಟ್ಟಿಗೆ ಇದೊಂದೇ. ಸ್ಕಾಟ್ಲೆಂಡ್ ಮೂಲದ ಸೇನಾ ವೈದ್ಯ ಜಾನ್ ರೋಲೊ 18ನೇ ಶತಮಾನದ ಕೊನೆಯಲ್ಲೇ ಮಾಂಸಾಹಾರ ಹೆಚ್ಚಿಸಿ ಪಿಷ್ಟ ತಗ್ಗಿಸುವ ಪಥ್ಯ ಹೇಳಿದ್ದ. ಈಗಿನ ಅಧ್ಯಯನಗಳಲ್ಲೂ ಮೊದಲ ಆರು ತಿಂಗಳಲ್ಲಿ ಶುಗರ್, ತೂಕ ಎರಡೂ ಚೆನ್ನಾಗಿ ಇಳಿದದ್ದು ಕಂಡಿದೆ. ವರ್ಷ ಕಳೆಯುವ ಹೊತ್ತಿಗೆ ಬೇರೆ ಪಥ್ಯದವರಿಗೂ ಇವರಿಗೂ ಅಂತರ ಕಡಿಮೆಯಾಗುತ್ತದೆ. ಬಹಳ ಮಂದಿಗೆ ಅಷ್ಟು ಬಿಗಿಯಾದ ಪಥ್ಯವನ್ನು ನಡೆಸಿಕೊಂಡು ಹೋಗಲಾಗದಿರುವುದೇ ಇದಕ್ಕೆ ದೊಡ್ಡ ಕಾರಣ. ನಮ್ಮ ದೇಶದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಭಾರತೀಯರು ತಿನ್ನುವ ಕ್ಯಾಲೊರಿಯಲ್ಲಿ ಸುಮಾರು ಶೇ 62 ಪಿಷ್ಟದ್ದು, ಇದು ಹೆಚ್ಚೇ. ಅದೇ ತಂಡ 2022ರಲ್ಲಿ ಲೆಕ್ಕ ಹಾಕಿ ಹೇಳಿದ್ದು, ಹೊಸದಾಗಿ ಮಧುಮೇಹ ಬಂದವರು ಪಿಷ್ಟವನ್ನು ಶೇ 50ರ ಆಸುಪಾಸಿಗೆ ಇಳಿಸಿ ಪ್ರೋಟೀನನ್ನು ಶೇ 20ರ ಹತ್ತಿರ ತಂದರೆ ಕಾಯಿಲೆ ಹಿಮ್ಮೆಟ್ಟುವ ಸಾಧ್ಯತೆ ಹೆಚ್ಚು ಎಂದು. ಶೇ 50 ಎಂದರೆ 1,800 ಕ್ಯಾಲೊರಿ ತಿನ್ನುವವರಿಗೆ ದಿನಕ್ಕೆ 225 ಗ್ರಾಂ. ಅದಕ್ಕಿಂತ ಕಡಿಮೆ ತಿನ್ನಬಾರದು ಎಂದಲ್ಲ. ಶುಗರ್ ಇಳಿಯಬೇಕಾದರೆ 40 ಗ್ರಾಂಗೆ ಬರಲೇಬೇಕು ಎನ್ನುವುದು ಸುಳ್ಳು, ಅಷ್ಟೇ.

ಈ ಪಥ್ಯದ ಹೆಸರು ಬಂದಾಗಲೆಲ್ಲ ಅಮೆರಿಕದ ರಿಚರ್ಡ್ ಬರ್ನ್‌ಸ್ಟೀನ್ ಹೆಸರು ಬರುತ್ತದೆ. ಹನ್ನೆರಡರ ವಯಸ್ಸಿನಲ್ಲಿ ಟೈಪ್ 1 ಮಧುಮೇಹ ಬಂದು, ಎಂಜಿನಿಯರ್ ಆಗಿ, ನಡುವಯಸ್ಸಿನಲ್ಲಿ ವೈದ್ಯಕೀಯ ಓದಿ, 2025ರಲ್ಲಿ 90 ವರ್ಷದವರಾಗಿ ತೀರಿಕೊಂಡವರು. ರಕ್ತದ ಸಕ್ಕರೆ ನೋಡುವ ಮೀಟರ್ ವೈದ್ಯರಿಗೆ, ಆಸ್ಪತ್ರೆಗಳಿಗಷ್ಟೇ ಸಿಗುತ್ತಿದ್ದ 1969ರ ಹೊತ್ತಿನಲ್ಲಿ, ವೈದ್ಯೆಯಾಗಿದ್ದ ಹೆಂಡತಿಯ ಹೆಸರಿನಲ್ಲಿ ಒಂದನ್ನು ತರಿಸಿಕೊಂಡು ದಿನಕ್ಕೆ ಹಲವು ಸಲ ಚುಚ್ಚಿ ನೋಡಿ, ಊಟವನ್ನೂ ಇನ್ಸುಲಿನ್ನನ್ನೂ ಒಂದಕ್ಕೊಂದು ತಾಳೆ ಹಾಕಿದವರು. ವಿಡಿಯೊಗಳಲ್ಲಿ ಅವರ ಊಟ ಮಾತ್ರ ಬರುತ್ತದೆ. ಚುಚ್ಚಿದ್ದು, ಬರೆದಿಟ್ಟದ್ದು, ಔಷಧಿ ಇಳಿಸಿದ್ದು ಬರುವುದಿಲ್ಲ.

ಎರಡು ಅಡುಗೆಯ ಕಷ್ಟಕ್ಕೆ ನನ್ನ ಸಲಹೆ, ಇವತ್ತಿಂದಲೇ ನಿಲ್ಲಿಸಿ. ನಮ್ಮ ಕಡೆಯ ಅಡುಗೆಗೆ ಕೀಟೊ ಎಂಬ ಹೆಸರು ಬೇಕಿಲ್ಲ. ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ, ಹುರುಳಿಕಾಳು, ಅವರೆಕಾಳು, ಮಸ್ಸೊಪ್ಪು, ಮೊಟ್ಟೆ ಸಾರು, ಕೋಳಿ ಸಾರು, ಮಜ್ಜಿಗೆ, ಎಲ್ಲವೂ ಮನೆಮಂದಿಗೆಲ್ಲ ಆಗುತ್ತವೆ. ಬದಲಾಗಬೇಕಾದದ್ದು ಬಡಿಸುವ ಪ್ರಮಾಣ ಮತ್ತು ಕ್ರಮ. ಮುದ್ದೆಯನ್ನು 45, 50 ಗ್ರಾಂ ಹಿಟ್ಟಿನದ್ದಾಗಿ ಕಟ್ಟಿ, ದಿನಾ ಅಷ್ಟೇ ಇರಲಿ, ಉಂಡ ದಿನ ಬಿಟ್ಟ ದಿನ ಎಂಬುದು ಬೇಡ. ಮೊದಲು ಪಲ್ಯ, ಕಾಳು, ಮೊಟ್ಟೆ ತಿಂದು ಕೊನೆಗೆ ಮುದ್ದೆಗೆ ಕೈ ಹಾಕಲಿ. ಅದೇ ಊಟವಾದರೂ ಈ ಕ್ರಮದಲ್ಲಿ ಉಂಡರೆ ಶುಗರ್ ಅಷ್ಟು ಎತ್ತರಕ್ಕೆ ಜಿಗಿಯುವುದಿಲ್ಲ ಎಂಬುದು ಪ್ರಯೋಗಗಳಲ್ಲಿ ಕಂಡಿದೆ. ನಂಬಿಕೆ ಬಾರದಿದ್ದರೆ ಮೇಷ್ಟ್ರೇ ಪರೀಕ್ಷೆ ಮಾಡಲಿ, ಅದು ಅವರ ಕಸುಬು. ಒಂದು ದಿನ ದೊಡ್ಡ ಮುದ್ದೆ ಮತ್ತು ನೀರು ಸಾರು, ಇನ್ನೊಂದು ದಿನ ಸಣ್ಣ ಮುದ್ದೆ ಮತ್ತು ಹುರುಳಿಕಾಳು. ಮೊದಲ ತುತ್ತಿನಿಂದ ಎರಡು ಗಂಟೆಗೆ ಚುಚ್ಚಿ ನೋಡಿಕೊಳ್ಳಲಿ. ಅಕ್ಕಿ, ರಾಗಿ, ಗೋಧಿ ಜಗಳ ಅವರ ಬೆರಳ ತುದಿಯಲ್ಲೇ ತೀರ್ಮಾನವಾಗುತ್ತದೆ. ರಾತ್ರಿಗೂ ಒಂದು ಚಪಾತಿಯೋ ಒಂದು ಹಿಡಿ ಕಾಳೋ ಇರಬಹುದು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಕ್ರಿಯಾಟಿನಿನ್ ಏರಿದೆ ಎಂದು ಯಾರಾದರೂ ಹೇಳಿದ್ದರೆ ಮಾತ್ರ ಮೊಟ್ಟೆ, ಮಾಂಸ ಎಷ್ಟು ಎಂದು ಕೇಳಿಯೇ ತಿನ್ನಬೇಕು.

ಬೆಟ್ಟದ ಮೇಲಿನ 40 ಅಂಕಕ್ಕೆ ಬರೋಣ. ಅದು ನಿಜ, ಹಾಗೆ ಏರುತ್ತದೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏದುಸಿರು ಬಿಡುತ್ತಾ ಹತ್ತುವಾಗ ದೇಹ ಅಡ್ರಿನಲಿನ್ ಸುರಿಸುತ್ತದೆ. ಆಗ ಲಿವರ್ ಸ್ನಾಯುಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ಸಕ್ಕರೆಯನ್ನು ಬಿಟ್ಟುಬಿಡುತ್ತದೆ. ಗಂಟೆಯೋ ಎರಡು ಗಂಟೆಯೋ ಕಳೆದು ನೋಡಿದ್ದರೆ ಇಳಿದಿರುತ್ತಿತ್ತು. ಭಾರಿ ಶ್ರಮದಿಂದ ಕ್ಷಣಕ್ಕೆ ಏರುವುದು, ಸಮನಾದ ನಡಿಗೆಯಿಂದ ಇಳಿಯುವುದು, ಎರಡೂ ಸಹಜ. ನನಗೆ ಬೆಟ್ಟದಲ್ಲಿ ಹೆದರಿಕೆ ಇರುವುದು ಪಾದದ ಬಗ್ಗೆ. ಅಲ್ಲಿ ಚಪ್ಪಲಿ ಕೆಳಗೇ ಬಿಡಬೇಕು. ಶುಗರ್ ಇರುವವರ ಪಾದಕ್ಕೆ ಸ್ಪರ್ಶ ಮಂದವಾಗಿದ್ದರೆ ಕಾದ ಬಂಡೆಯ ಮೇಲೆ ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ಬಿಸಿಲೇರುವ ಮುಂಚೆ, ದಪ್ಪ ಕಾಲುಚೀಲ ಹಾಕಿಕೊಂಡು ಹತ್ತಲಿ, ಇಳಿದ ಮೇಲೆ ಅಂಗಾಲನ್ನು ನೀವು ನೋಡಿ. ವರ್ಷಕ್ಕೊಮ್ಮೆ ಕಣ್ಣಿನ ಹಿಂಪದರದ ಪರೀಕ್ಷೆಯೂ ಆಗಬೇಕು. ರೆಟಿನಾದಲ್ಲಿ ಮೊದಲೇ ತೊಂದರೆ ಇರುವವರಿಗೆ ಶುಗರ್ ಸರ್ರನೆ ಇಳಿದರೆ ಆ ತೊಂದರೆ ಕೆಲಕಾಲ ಹೆಚ್ಚಬಹುದು.

ನಡಿಗೆ ಎಷ್ಟು ಎಂಬುದರಷ್ಟೇ ಯಾವಾಗ ಎಂಬುದೂ ಮುಖ್ಯ. ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ನ ಹಂಗಿಲ್ಲದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಹಾಗಿದ್ದ ಮೇಲೆ ಸಕ್ಕರೆ ಏರುವ ಹೊತ್ತಿನಲ್ಲೇ ನಡೆದರೆ ಲಾಭ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಟೈಪ್ 2 ಮಧುಮೇಹ ಇರುವ 41 ಜನರಿಗೆ ಕೆಲವು ದಿನ ಯಾವಾಗಲಾದರೂ ಅರ್ಧ ಗಂಟೆ ನಡೆಯಿರಿ ಎಂದರು, ಇನ್ನು ಕೆಲವು ದಿನ ಪ್ರತಿ ಊಟದ ನಂತರ ಹತ್ತು ಹತ್ತು ನಿಮಿಷ ನಡೆಯಿರಿ ಎಂದರು. ಒಟ್ಟು ನಡಿಗೆ ಅಷ್ಟೇ ಇದ್ದರೂ ಎರಡನೆಯ ವಿಧಾನದಲ್ಲಿ ಊಟದ ನಂತರದ ಶುಗರ್ ಸರಾಸರಿ ಶೇ 12 ಕಡಿಮೆ ಇತ್ತು. ರಾತ್ರಿ ಊಟದ ನಂತರವಂತೂ ಶೇ 22. ಮೇಷ್ಟ್ರು ಸಂಜೆ ಊಟಕ್ಕೆ ಮುಂಚೆ, ಮಾತ್ರೆಯ ಪ್ರಭಾವ ಇನ್ನೂ ಇರುವಾಗ, ಹಸಿದ ಹೊಟ್ಟೆಯಲ್ಲಿ ಒಂದು ಗಂಟೆ ನಡೆಯುತ್ತಿದ್ದಾರೆ. ಅದನ್ನು ಮುರಿದು ಮೂರು ಮಾಡಿ. ತಿಂಡಿಯಾದ ಮೇಲೆ ಸ್ಕೂಲಿಗೆ ಅರ್ಧ ದಾರಿ ನಡೆದರೂ ಆಯಿತು. ಮಧ್ಯಾಹ್ನ ಆಟದ ಮೈದಾನದ ಒಂದು ಸುತ್ತು. ರಾತ್ರಿ ಉಂಡು ಕೈ ತೊಳೆದ ಮೇಲೆ ಇಬ್ಬರೂ ಊರ ಮುಂದಿನವರೆಗೆ ಹೋಗಿ ಬನ್ನಿ.

ವಾರಕ್ಕೆ ಒಟ್ಟು 150 ನಿಮಿಷ ಆಗಲಿ. ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೇಡ, ಏಕೆಂದರೆ ವ್ಯಾಯಾಮದಿಂದ ಇನ್ಸುಲಿನ್‌ಗೆ ಬರುವ ಬಲ ಒಂದೆರಡು ದಿನ ಮಾತ್ರ ನಿಲ್ಲುತ್ತದೆ. ಆರು ಕೆಜಿ ಇಳಿದವರಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗಿರುತ್ತದೆ, ಸಕ್ಕರೆಗೆ ಸ್ನಾಯುವೇ ದೊಡ್ಡ ಗಿರಾಕಿ. ವಾರಕ್ಕೆ ಎರಡು ಮೂರು ದಿನ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ನೀರಿನ ಬಿಂದಿಗೆ ಹೊರುವುದು, ಯಾವುದಾದರೂ ಸರಿ.

ಡಾಕ್ಟರು ಗ್ಲಿಮೆಪಿರೈಡ್ ತೆಗೆದು ಬೇರೆ ಮಾತ್ರೆ ಬರೆಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬವು ಪೇಟೆಂಟ್ ಮುಗಿದು ಅಗ್ಗವಾದ ಮೇಲೆ ಬಹಳ ಬಳಕೆಗೆ ಬಂದಿವೆ, ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯವು. ಅವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಆದರೆ ಪಿಷ್ಟ ತೀರಾ ಕಡಿಮೆ ತಿನ್ನುವವರು ಇವನ್ನು ತೆಗೆದುಕೊಂಡರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಅಪಾಯದ ಮಟ್ಟಕ್ಕೆ ಏರಬಹುದು. ಆಗ ಮೀಟರ್‌ನಲ್ಲಿ ಶುಗರ್ 180 ಇದ್ದು ಎಲ್ಲ ಸರಿಯಾಗಿದೆ ಎನ್ನಿಸುತ್ತದೆ, ಮನುಷ್ಯ ಮಾತ್ರ ವಾಂತಿ, ಹೊಟ್ಟೆನೋವು, ಏದುಸಿರಿನಿಂದ ಒದ್ದಾಡುತ್ತಿರುತ್ತಾನೆ. ಅಂಥ ಲಕ್ಷಣ ಕಂಡರೆ ಮೀಟರ್ ನಂಬಿ ಕೂರದೆ ಆಸ್ಪತ್ರೆಗೆ ಹೋಗಬೇಕು. ಇದಕ್ಕಾಗಿಯಾದರೂ ಅವರು ಏನು ತಿನ್ನುತ್ತಿದ್ದಾರೆ ಎಂಬುದು ಡಾಕ್ಟರಿಗೆ ಗೊತ್ತಿರಲೇಬೇಕು. ಮತ್ತೆ ಅನ್ನ ತಿನ್ನು ಎನ್ನುತ್ತಾರೆ ಎಂಬ ಭಯ ಬೇಡ. ‘ಊಟ ಇಷ್ಟು ಇಳಿಸಿದ್ದೇನೆ, ಮಾತ್ರೆ ಎಷ್ಟು ಇಳಿಸುತ್ತೀರಿ?’ ಎಂದು ಕೇಳಿದರೆ ಯಾವ ಡಾಕ್ಟರೂ ಸಿಟ್ಟಾಗುವುದಿಲ್ಲ. ಮಾತ್ರೆ ಕಡಿಮೆಯಾಗಲಿ ಎಂದೇ ಅಲ್ಲವೇ ಅವರು ಇಷ್ಟು ಕಷ್ಟಪಟ್ಟಿದ್ದು? ಅದನ್ನು ಬಚ್ಚಿಟ್ಟರೆ ಸಿಗಬೇಕಾದ ಲಾಭವೇ ಕೈತಪ್ಪುತ್ತದೆ. ಮೇಷ್ಟ್ರು ಹೋಗಲು ಒಪ್ಪದಿದ್ದರೆ ನೀವೇ ಫೋನ್ ಮಾಡಿ ಜಗಲಿಯ ವಿಷಯ ಹೇಳಿ, ಅದು ಚಾಡಿಯಲ್ಲ.

ಮಗನ ವಿಷಯಕ್ಕೆ: ಅಪ್ಪನಿಗೆ ಇದ್ದರೆ ಮಗನಿಗೆ ಬರುವ ಸಾಧ್ಯತೆ ಹೆಚ್ಚು, ಬಂದೇ ಬರುತ್ತದೆ ಎಂದೇನಿಲ್ಲ. 27 ಎಂದು ತಳ್ಳಿಹಾಕದೆ ಈಗಲೇ ಒಮ್ಮೆ ಫಾಸ್ಟಿಂಗ್ ಮತ್ತು ಎಚ್‌ಬಿಎ1ಸಿ ಮಾಡಿಸಲಿ. ಫಾಸ್ಟಿಂಗ್ 100ರಿಂದ 125, ಅಥವಾ ಎಚ್‌ಬಿಎ1ಸಿ ಶೇ 5.7ರಿಂದ 6.4 ಬಂದರೆ ಕಾಯಿಲೆಯ ಹೊಸ್ತಿಲಲ್ಲಿದ್ದಾನೆ ಎಂದು ಅರ್ಥ. ಅಲ್ಲಿಂದ ಹಿಂದೆ ಸರಿಯಲು ತೂಕ ಇಳಿಸುವುದೂ ನಡಿಗೆಯೂ ಬಹುಮಟ್ಟಿಗೆ ಸಾಕಾಗುತ್ತವೆ. ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದ್ದರೆ ರಿಪೋರ್ಟ್ ಚೆನ್ನಾಗಿದ್ದರೂ ಇಳಿಸಿಕೊಳ್ಳಲಿ. ಹೆಂಗಸರಿಗೆ ಆ ಗಡಿ 80. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಎನ್‌ಸಿಡಿ ಕ್ಲಿನಿಕ್ ಎಂಬ ಫಲಕ ಇರುವ ಕೊಠಡಿ ಹುಡುಕಿ. ಮೂವತ್ತು ದಾಟಿದವರಿಗೆ ಅಲ್ಲಿ ಬಿಪಿ, ಶುಗರ್ ಪರೀಕ್ಷೆ ಉಚಿತ. ಮೇಷ್ಟ್ರನ್ನು ಕರೆದುಕೊಂಡು ಹೋದ ದಿನ ನಿಮ್ಮದನ್ನೂ ಮಾಡಿಸಿಕೊಂಡು ಬನ್ನಿ.